ತೋಟ ಮಾರಿ ದೋಣಿ ಕೊಳ್ಳಹೊರಟವರು

(ಇಬ್ಬರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ತೋಟ ಮಾರುವ ಮಾತು ಹೊತ್ತು, ಸಲಹೆ ಕೇಳಲು ಮಡಿಕೇರಿಯ ನನ್ನ ಕೋಣೆಗೆ ಬರುವವರು ಅಪರೂಪವಲ್ಲ. ಮಗನ ಸಾಲ, ಅಣ್ಣತಮ್ಮಂದಿರ ಪಾಲು, ಬೆಂಗಳೂರಿನ ಫ್ಲ್ಯಾಟ್ ಇವುಗಳಲ್ಲಿ ಒಂದು ಕಾರಣವಾಗಿರುತ್ತದೆ. ದೋಣಿ ಕೊಳ್ಳಲು ತೋಟ ಮಾರುತ್ತೇನೆ ಎಂದವರು ಮಾತ್ರ ಇವರೊಬ್ಬರೇ. ಅದೂ ಸಮುದ್ರವೇ ಇಲ್ಲದ ಜಿಲ್ಲೆಯಲ್ಲಿ ಕುಳಿತು.

ಗಂಡನಿಗೆ 61 ವರ್ಷ. ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ 32 ವರ್ಷ ದುಡಿದು ಬಂದವರು. ಹೆಂಡತಿ ಅನುದಾನಿತ ಪ್ರೌಢಶಾಲೆಯಿಂದ ಆಗಷ್ಟೇ ನಿವೃತ್ತರಾಗಿದ್ದರು. ಇಲ್ಲಿ ಅವರನ್ನು ಎಂಜಿನಿಯರರು, ಟೀಚರ್ ಎಂದೇ ಕರೆಯುತ್ತೇನೆ. ಆಸ್ತಿ ಎಂದರೆ ಐದು ಎಕರೆ ಕಾಫಿ ತೋಟ, ಅದರೊಳಗಿನ ಮನೆ, ಕುಶಾಲನಗರದಲ್ಲಿ ಟೀಚರ್ ತಾಯಿ ವಾಸವಿರುವ ಒಂದು ಸಣ್ಣ ಮನೆ. ತೋಟ ಅವರು ದುಡಿದು ಕೊಂಡದ್ದು. ಒಕ್ಕದ (ಕೊಡವ ಮನೆತನದ) ಜಮ್ಮಾ ಜಾಗ, ಅಂದರೆ ಕುಟುಂಬಕ್ಕೆಲ್ಲ ಸೇರಿದ ವಂಶಪಾರಂಪರ್ಯದ ಭೂಮಿಯಾಗಿದ್ದರೆ ಪಹಣಿಯಲ್ಲಿರುವ ಅಷ್ಟೂ ಹೆಸರುಗಳ ಸಹಿ ಕೂಡಿಸುವಷ್ಟರಲ್ಲಿ ದೋಣಿಯ ಆಸೆ ತಾನಾಗಿಯೇ ಇಳಿದಿರುತ್ತಿತ್ತು, ನನಗೂ ಕೆಲಸವಿರುತ್ತಿರಲಿಲ್ಲ.

ಮಲೇಷ್ಯಾದ ಲಂಕಾವಿಯಲ್ಲಿ ಮಾರಾಟಕ್ಕಿದ್ದ, 38 ಅಡಿಯ, ಮೂವತ್ತು ವರ್ಷ ಹಳೆಯ ಹಾಯಿದೋಣಿಯ ಫೋಟೋ ಅವರ ಮೊಬೈಲಿನಲ್ಲಿತ್ತು. ಬೆಲೆ ನಮ್ಮ ಲೆಕ್ಕದಲ್ಲಿ ನಲವತ್ತು ಲಕ್ಷದ ಆಸುಪಾಸು. ತೋಟಕ್ಕೆ ಒಂದು ಕೋಟಿಯ ಗಿರಾಕಿ ಸಿದ್ಧವಿದ್ದ. ದೋಣಿಗೆ ನಲವತ್ತು, ರಿಪೇರಿಗೆ ಹತ್ತು, ಉಳಿದ ಐವತ್ತರ ಬಡ್ಡಿಯಲ್ಲಿ ಜೀವನ. ಮೊದಲು ಅಂಡಮಾನ್ ಸಮುದ್ರ, ಆಮೇಲೆ ಗ್ರೀಸ್. ನೌಕಾಪಡೆಯ ದಿಲೀಪ್ ದೋಂಡೆ 2009-10ರಲ್ಲಿ ‘ಮಾದೇಯಿ’ ಹಾಯಿದೋಣಿಯಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದದ್ದು, ಅಭಿಲಾಷ್ ಟೋಮಿ 2012-13ರಲ್ಲಿ ಎಲ್ಲಿಯೂ ನಿಲ್ಲದೆ ಸುತ್ತಿದ್ದು, ಎಲ್ಲವೂ ಅವರಿಗೆ ಬಾಯಿಪಾಠ. ಆ ದೋಣಿಯ ಬಿಲ್ಲುಗಳನ್ನು ನೌಕಾಪಡೆ ಕಟ್ಟಿತ್ತು ಎಂದು ನಾನು ನೆನಪಿಸಿದಾಗ ಟೀಚರ್ ಮೊದಲ ಬಾರಿ ನಕ್ಕರು.

ಎಂಜಿನಿಯರರು ತಂದಿದ್ದ ಉದ್ದನೆಯ ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಡಿಸಿದರು. ಸ್ಕೇಲ್ ಇಟ್ಟು ಎಳೆದ ಗೆರೆಗಳು, ನೀಲಿ ಶಾಯಿ, ಲಾಗ್ ಪುಸ್ತಕ ಬರೆದವರ ನೀಟಾದ ಅಂಕಿಗಳು. ಊಟ, ಡೀಸೆಲ್, ಮರೀನಾ (ದೋಣಿ ನಿಲ್ಲಿಸುವ ತಾಣ) ಬಾಡಿಗೆ, ವಿಮೆ, ಔಷಧಿ. ಎಲ್ಲ ಸೇರಿ ತಿಂಗಳಿಗೆ ಅರವತ್ತು ಸಾವಿರ. ಕೊನೆಯ ಸಾಲು ‘ಇತರೆ: 5,000’. ಅವರು ವಿವರಿಸುತ್ತಿದ್ದಷ್ಟು ಹೊತ್ತೂ ಟೀಚರ್ ಏನೂ ಮಾತನಾಡಲಿಲ್ಲ, ತೋರುಬೆರಳನ್ನು ಆ ‘ಇತರೆ’ಯ ಮೇಲೆ ಇಟ್ಟುಕೊಂಡೇ ಕುಳಿತಿದ್ದರು. ಪುಟದ ಬಲತುದಿಯಲ್ಲಿ ‘ತುರ್ತಿಗೆ’ ಎಂದು ಹದಿನಾಲ್ಕು ಲಕ್ಷ ಬರೆದಿತ್ತು. ಅದು ಎಲ್ಲಿಂದ ಬಂತು ಎಂದು ಕೇಳಿದೆ. “ಅದು ಇವಳ ಗ್ರಾಚ್ಯುಟಿ” ಎಂದರು ಅವರು. “ನನ್ನನ್ನು ಯಾರೂ ಕೇಳಲಿಲ್ಲ ಮೇಡಂ” ಎಂದರು ಆಕೆ. ಸಿಟ್ಟೇನೂ ಇರಲಿಲ್ಲ, ಹಾಜರಿ ಕರೆದ ಹಾಗೆ ಹೇಳಿದರು.

ಮೊದಲ ಎರಡು ಭೇಟಿಗಳು ಆ ಪುಟದ ಮೇಲೆಯೇ ಕಳೆದವು. ದೋಣಿಯಲ್ಲಿ ಬದುಕುವವರು ತಾವೇ ಹೇಳಿಕೊಳ್ಳುವ ಒಂದು ಅಂದಾಜು ಇದೆ: ಕೊಂಡ ಬೆಲೆಯ ಶೇ. 10ರಷ್ಟು ವರ್ಷವರ್ಷವೂ ದುರಸ್ತಿಗೆ. ನಲವತ್ತು ಲಕ್ಷಕ್ಕೆ ನಾಲ್ಕು ಲಕ್ಷ, ಅಂದರೆ ತಿಂಗಳಿಗೆ ಮೂವತ್ತಮೂರು ಸಾವಿರ, ಊಟಕ್ಕೆ ಮೊದಲೇ. ಹಳೆಯ ದೋಣಿಗೆ ಈ ಅಂದಾಜೂ ಸಾಲದು, ಏಕೆಂದರೆ ಅಗ್ಗವಾಗಿ ಕೊಂಡೆವೆಂದು ಅದು ಅಗ್ಗವಾಗಿ ಕೆಡುವುದಿಲ್ಲ. ತಳಕ್ಕೆ ಪಾಚಿ, ಚಿಪ್ಪು ಹತ್ತದಂತೆ ಬಳಿಯುವ ಬಣ್ಣವನ್ನು ವರ್ಷಕ್ಕೋ ಎರಡು ವರ್ಷಕ್ಕೋ ಮತ್ತೆ ಬಳಿಯಬೇಕು, ಪ್ರತಿಸಲವೂ ದೋಣಿಯನ್ನು ಕ್ರೇನಿನಲ್ಲಿ ದಡಕ್ಕೆ ಎತ್ತಿಸಬೇಕು. ಹಾಯಿಕಂಬವನ್ನು ಬಿಗಿದು ಹಿಡಿದ ಉಕ್ಕಿನ ಹಗ್ಗಗಳನ್ನು ಹತ್ತರಿಂದ ಹದಿನೈದು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು ವಾಡಿಕೆ. ಈ ದೋಣಿಯಲ್ಲಿ ಅವು ಯಾವಾಗ ಬದಲಾದವು ಎಂಬುದಕ್ಕೆ ಮಾರುವವನ ಬಳಿ ಕಾಗದವಿರಲಿಲ್ಲ. ತಜ್ಞರ ತಪಾಸಣಾ ವರದಿಯಿಲ್ಲದೆ ಹಳೆಯ ದೋಣಿಗೆ ವಿಮೆ ಸಿಗುವುದೂ ಕಷ್ಟ.

ಹೀಗೆ ಸಾಲುಸಾಲಾಗಿ ಬರೆದೆವು. ದುರಸ್ತಿ 33,000, ಮರೀನಾ ಮತ್ತು ದಡಕ್ಕೆ ಎತ್ತಿಸುವುದು 22,000, ದೋಣಿಯ ವಿಮೆ 8,000, ಊಟ, ಡೀಸೆಲ್, ಗ್ಯಾಸ್, ಇಂಟರ್‌ನೆಟ್ಟಿಗೆ 35,000, ವೀಸಾ ಮತ್ತು ಊರಿಗೆ ಬಂದುಹೋಗಲು 12,000, ಆರೋಗ್ಯ ವಿಮೆ 6,000. ಒಟ್ಟು 1,16,000. ಬರುವುದೆಷ್ಟು? ಟೀಚರ್ ಪಿಂಚಣಿ 32,000. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಇಡಬಹುದಾದದ್ದು ಗರಿಷ್ಠ 30 ಲಕ್ಷ, ಶೇ. 8.2ರ ದರದಲ್ಲಿ ತಿಂಗಳಿಗೆ 20,500. ಉಳಿದ ಇಪ್ಪತ್ತು ಲಕ್ಷಕ್ಕೆ ಬ್ಯಾಂಕಿನಲ್ಲಿ ಶೇ. 7 ಎಂದು ಹಿಡಿದರೂ ಹನ್ನೊಂದು ಸಾವಿರ ಚಿಲ್ಲರೆ. ತಿಂಗಳಿಗೆ ಐವತ್ತೆರಡು ಸಾವಿರ ಖೋತಾ. ಅದನ್ನು ಅಸಲಿನಿಂದ ತೆಗೆಯುತ್ತಾ ಹೋದರೆ, ಅಸಲಿನ ಜೊತೆ ಬಡ್ಡಿಯೂ ಕರಗಿ, ಐವತ್ತು ಲಕ್ಷ ಆರೂವರೆ ವರ್ಷದೊಳಗೆ ಮುಗಿಯುತ್ತದೆ. ಬೆಲೆಯೇರಿಕೆಯನ್ನು ನಾನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ.

“ಆಗ ನನಗೆ ಅರವತ್ತೆಂಟೂ ತುಂಬಿರುವುದಿಲ್ಲ” ಎಂದರು ಎಂಜಿನಿಯರರು. ಒಂದು ಗಳಿಗೆ ಬಿಟ್ಟು, “ದೋಣಿ ಮಾರಬಹುದಲ್ಲ?” ಎಂದರು. ಮಾರಬಹುದು. ಆದರೆ ಐದು ಎಕರೆ ತೋಟ ಇಟ್ಟುಕೊಂಡವರಿಗೆ ಕಾಲ ಕಳೆದಂತೆ ಬೆಲೆ ಏರುವುದು ಮಾತ್ರ ಗೊತ್ತು. ದೋಣಿಯದು ತಿರುಗುಮುರುಗು, ಮೂವತ್ತೇಳು ವರ್ಷ ಹಳೆಯದಾದ ಮೇಲೆ ಕೊಳ್ಳುವವರನ್ನು ಹುಡುಕಬೇಕು, ಅಲ್ಲಿಯವರೆಗೆ ಮರೀನಾ ಬಾಡಿಗೆ ಕಟ್ಟುತ್ತಲೇ ಇರಬೇಕು.

ತೆರಿಗೆಯ ವಿಚಾರವನ್ನು ಅವರ ಲೆಕ್ಕಪರಿಶೋಧಕರಿಗೆ ಬಿಟ್ಟೆ, ಮೂರು ಪ್ರಶ್ನೆ ಬರೆದುಕೊಟ್ಟು. ಗ್ರಾಮೀಣ ಕೃಷಿ ಭೂಮಿಯಾದ್ದರಿಂದ ತೋಟದ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆ ಬಾರದಿರಬಹುದು. ಆದರೆ ಹಣ ಸಾಲದೆ ಕುಶಾಲನಗರದ ಮನೆಯನ್ನೂ ಮಾರಿದರೆ, “ಮನೆ ಮಾರಿ ಮನೆ ಕೊಂಡೆವು” ಎನ್ನಲಾಗದು: ಆ ವಿನಾಯಿತಿ ಭಾರತದಲ್ಲಿ ಕೊಂಡ ವಾಸದ ಮನೆಗೆ, ಲಂಕಾವಿಯಲ್ಲಿ ತೇಲುವ ಮನೆಗಲ್ಲ. ಹೊರದೇಶಕ್ಕೆ ಐವತ್ತು ಲಕ್ಷ ಒಬ್ಬರ ಹೆಸರಿನಲ್ಲಿ ಕಳಿಸಿದರೆ ಹತ್ತು ಲಕ್ಷ ದಾಟಿದ ಮೊತ್ತಕ್ಕೆ ಬ್ಯಾಂಕು ಶೇ. 20 ಮುಂಗಡವಾಗಿ ಹಿಡಿಯುತ್ತದೆ, ಅಂದರೆ ಎಂಟು ಲಕ್ಷ. ರಿಟರ್ನ್ ಸಲ್ಲಿಸಿದ ಮೇಲೆ ಹೊಂದಾಣಿಕೆಯಾಗುತ್ತದೆ, ನಿಜ. ಅಲ್ಲಿಯವರೆಗೆ ಆ ಎಂಟು ಲಕ್ಷ ಎಲ್ಲಿಂದ? ಮೂರನೆಯದು ಅವರನ್ನು ನಿಜಕ್ಕೂ ತಡೆದು ನಿಲ್ಲಿಸಿತು. ಹೊರದೇಶದ ನಿವಾಸಿಯೆನಿಸಿಕೊಂಡವರು ಭಾರತದಲ್ಲಿ ಇರುವ ತೋಟವನ್ನು ಇಟ್ಟುಕೊಳ್ಳಬಹುದು, ಹೊಸದಾಗಿ ಕೃಷಿ ಭೂಮಿ, ತೋಟ ಕೊಳ್ಳುವಂತಿಲ್ಲ. ಮರಳಿ ಬಂದು ನೆಲೆಸಿದ ಮೇಲೆಯೇ ಆ ಮಾತು, ಆಗ ಕೈಯಲ್ಲಿ ಹಣ ಉಳಿದಿದ್ದರೆ.

ಗ್ರೀಸಿನ ಕನಸಿಗೂ ಒಂದು ತೊಡಕಿತ್ತು. ಗ್ರೀಸೂ ಸೇರಿದ ಯುರೋಪಿನ ಷೆಂಗೆನ್ ದೇಶಗಳಲ್ಲಿ ನಮ್ಮವರು 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ದೋಣಿ ಆಮದು ತೆರಿಗೆಯಿಲ್ಲದೆ 18 ತಿಂಗಳು ನಿಲ್ಲಬಹುದು. ದೋಣಿಗಿರುವ ಸ್ವಾತಂತ್ರ್ಯ ದೋಣಿಯ ಯಜಮಾನನಿಗಿಲ್ಲ.

ಮೂರನೆಯ ಭೇಟಿಗೆ ಎಂಜಿನಿಯರರನ್ನು ಒಬ್ಬರನ್ನೇ ಕರೆದೆ. ಲೆಕ್ಕ ಸೋತ ಮೇಲೂ ಹಟ ಸಡಿಲವಾಗಿರಲಿಲ್ಲ. ಹಾಗಾದಾಗ ಹಟಕ್ಕೆ ಬೇರೆ ಬೇರು ಇರುತ್ತದೆ. ಹೊರಗೆ ಜುಲೈ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಅವರು ಕಿಟಕಿಗೆ ಬೆನ್ನು ಮಾಡಿ ಕುಳಿತರು, ಹಿಂದಿನ ಎರಡು ಸಲವೂ ಹಾಗೆಯೇ ಕುಳಿತಿದ್ದರೆಂದು ಆಗ ನೆನಪಾಯಿತು. ಮಳೆಗಾಲದಲ್ಲಿ ನಿದ್ದೆ ಹೇಗಿರುತ್ತದೆ ಎಂದು ಕೇಳಿದೆ. 2018ರ ಆಗಸ್ಟಿನಲ್ಲಿ ಅವರ ತೋಟದ ಮೇಲ್ಭಾಗ ಜಾರಿ, ಅರ್ಧ ಎಕರೆ ಕಾಫಿ, ಸಿಲ್ವರ್ ಓಕ್, ಅದಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿ ಸಮೇತ ಕೆಳಗಿನ ಗದ್ದೆಯಲ್ಲಿ ಹೋಗಿ ನಿಂತಿತ್ತು. ಆ ರಾತ್ರಿ ಅವರು ಹಡಗಿನಲ್ಲಿದ್ದರು. ಮನೆಯಲ್ಲಿದ್ದವರು ಟೀಚರ್.

“ಹಡಗು ಅಲ್ಲಾಡಿದರೆ ಹೆದರಿಕೆಯಿಲ್ಲ ಮೇಡಂ, ಅದು ಅಲ್ಲಾಡುವುದೇ. ನೆಲ ಅಲ್ಲಾಡಿದರೆ ಏನು ಹಿಡಿದುಕೊಳ್ಳುವುದು?” ಎಂದರು. ಅಂದಿನಿಂದ ಪ್ರತಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಿಡಿದು ಮನೆಯ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಣ್ಣೆ) ನೋಡಿಬರುತ್ತಾರಂತೆ. ಹೆದರಿಕೆಗೆ ಅವರು ಅಷ್ಟು ನೀಟಾಗಿ ಲೆಕ್ಕ ಬರೆದು ತಂದಿದ್ದರು. ಸಮುದ್ರದ ಮೇಲಿನ ಪ್ರೀತಿ ಸುಳ್ಳು ಎನ್ನುತ್ತಿಲ್ಲ. ಒಂದು ಕೋಟಿಯ ತೀರ್ಮಾನವನ್ನು ಯಾವುದು ಮಾಡುತ್ತಿದೆ ಎಂಬುದು ಅವರಿಗೆ ತಿಳಿದಿರಬೇಕಿತ್ತು, ಅಷ್ಟೇ.

ಕೊನೆಯ ಭೇಟಿಯಲ್ಲಿ ಇಬ್ಬರ ಎದುರು ನಾನು ಹೇಳಿದ್ದು ಹೀಗೆ. ತೋಟ ಮಾರಬೇಡಿ. ಭೂವಿಜ್ಞಾನ ಬಲ್ಲವರನ್ನು ಕರೆಸಿ ಬರೆಯನ್ನು ತೋರಿಸಿ. ಮನೆ ಅಪಾಯದಲ್ಲಿದ್ದರೆ ಕುಶಾಲನಗರಕ್ಕೆ ಹೋಗಿ ಇರಿ, ಸಮುದ್ರದವರೆಗೆ ಓಡಬೇಕಾಗಿಲ್ಲ. ಅಂಡಮಾನ್ ಸಮುದ್ರದಲ್ಲಿ ಹಾಯಿಗೆ ಒಳ್ಳೆಯ ಕಾಲ ನವೆಂಬರಿನಿಂದ ಏಪ್ರಿಲ್, ನಮ್ಮಲ್ಲಿ ಅದೇ ಕಾಫಿ ಕೊಯ್ಲು, ಮೆಣಸು ಕೊಯ್ಲು, ಕಾಫಿ ಹೂ ಬಿಡಿಸುವ ಹೂಮಳೆಯ ಕಾಲ. ಎರಡೂ ಕಡೆ ನೀವೇ ಇರಲಾಗದು, ಆದ್ದರಿಂದ ಒಂದು ವರ್ಷದ ಫಸಲನ್ನು ಗುತ್ತಿಗೆಗೆ ಕೊಡಿ, ಆ ಹಣದಲ್ಲಿ ಬಾಡಿಗೆ ದೋಣಿಯಲ್ಲಿ ಇದ್ದು ನೋಡಿ. ಎಂಜಿನ್ ಬಲ್ಲವರಿಗೆ ಹಾಯಿ ಬರುತ್ತದೆಂದೇನೂ ಇಲ್ಲ, ಅದನ್ನು ಇಬ್ಬರೂ ಕಲಿಯಿರಿ, ಒಬ್ಬರು ಜ್ವರದಲ್ಲಿ ಮಲಗಿದರೆ ಇನ್ನೊಬ್ಬರು ದಡ ಮುಟ್ಟಿಸಬೇಕಲ್ಲ. ಆಮೇಲೂ ದೋಣಿ ಬೇಕೆನಿಸಿದರೆ ಸಣ್ಣದನ್ನು, ಪೂರ್ತಿ ಮುಳುಗಿದರೂ ಮನೆ ಮುಳುಗದಷ್ಟು ಹಣಕ್ಕೆ, ದಡಕ್ಕೆ ಎತ್ತಿಸಿ ತಪಾಸಣೆ ಮಾಡಿಸಿ ಕೊಳ್ಳಿ. ಹದಿನಾಲ್ಕು ಲಕ್ಷ ಟೀಚರ್ ಹೆಸರಿನಲ್ಲೇ ಇರಲಿ, ಅದು ಊರಿಗೆ ಮರಳಿ ಬರಲು ಬೇಕಾಗುವ ಹಣ, ಅದನ್ನು ಮುಟ್ಟುವ ಹಕ್ಕು ಅವರೊಬ್ಬರದೇ.

ಟೀಚರ್ ಕೇಳಿದ್ದು ಒಂದೇ ಪ್ರಶ್ನೆ: “ಅಡುಗೆಯ ಜಾಗದಲ್ಲಿ ನೂಪುಟ್ಟು ಒರಳು (ಒತ್ತುಶಾವಿಗೆ ಒತ್ತುವ ಸಾಧನ) ಹಿಡಿಯುತ್ತದೆಯೇ?” ಗಂಡ ಉತ್ತರಿಸದೆ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಅವರು ಜನವರಿಯಲ್ಲಿ ಐದು ವಾರ ಲಂಕಾವಿಗೆ ಹೋಗಿಬಂದರು. ಏಪ್ರಿಲ್‌ನಲ್ಲಿ, ಮಳೆಗಾಲಕ್ಕೆ ಮುಂಚೆ, ಹೊಸ ನೋಟ್‌ಬುಕ್ ಹಿಡಿದು ಬಂದರು. ಎರಡು ಕೈಬರಹ. ‘ಇತರೆ’ ಎಂಬ ಸಾಲು ಇರಲಿಲ್ಲ, ಅದರ ಜಾಗದಲ್ಲಿ ಟೀಚರ್ ಅಕ್ಷರದಲ್ಲಿ ಹನ್ನೊಂದು ಸಾಲುಗಳಿದ್ದವು: ಕೆಟ್ಟ ನೀರಿನ ಪಂಪು, ಕಳೆದುಹೋದ ಕನ್ನಡಕ, ಎರಡು ರಾತ್ರಿ ವಾಂತಿಯ ಮಾತ್ರೆ, ಹೀಗೆ. ದೋಣಿ ಇನ್ನೂ ಕೊಂಡಿಲ್ಲ. 28 ಅಡಿಯದೊಂದನ್ನು ನೋಡಿಟ್ಟಿದ್ದಾರೆ, ಬರುವ ಜನವರಿಯಲ್ಲಿ ಮತ್ತೊಮ್ಮೆ ಹೋಗುತ್ತಾರೆ. ಈ ವರ್ಷದ ದೊಡ್ಡ ಖರ್ಚು ಪುಟದ ಮೇಲ್ಗಡೆ ಎಂಜಿನಿಯರರ ನೀಟು ಅಕ್ಷರದಲ್ಲಿತ್ತು: ಮನೆಯ ಹಿಂದಿನ ಬರೆಗೆ ನೀರು ಹರಿದುಹೋಗುವ ಕಾಲುವೆ, 1,80,000.

ಒರಳು ಹಿಡಿಯಿತೇ ಎಂದು ಕೇಳಿದೆ. “ಹಿಡಿಯಿತು, ಆದರೆ ಒತ್ತುವಾಗ ದೋಣಿ ಓಲುತ್ತದೆ” ಎಂದರು ಟೀಚರ್. “ಇವರು ಎದುರು ಬದಿಯಲ್ಲಿ ಕುಳಿತುಕೊಳ್ಳಬೇಕು.”