ಓದುಗರ ಪ್ರಶ್ನೆ: ತೋಟದೊಳಗಿನ ಪ್ರಾಣಿದಾರಿ

ಪ್ರಶ್ನೆ: ನಮ್ಮ ಕಾಫಿ ತೋಟದ ಕೆಳಗೆ ಹೇಮಾವತಿಗೆ ಸೇರುವ ಹಳ್ಳವಿದೆ. ದಂಡೆಯ ವಾಟೆ, ಕೇದಗೆ ಸವರಿಸಿ ಸಿಲ್ವರ್ ಓಕ್ ನೆಟ್ಟು ಮೆಣಸು ಹಬ್ಬಿಸಬೇಕೆಂದಿದ್ದೇವೆ. ಅಲ್ಲಿ ಪ್ರಾಣಿಗಳಿವೆ ಎಂದು ಕೆಲಸದವರು ಹೇಳುತ್ತಾರೆ, ನಾವು ಕಂಡಿಲ್ಲ. (ಸಕಲೇಶಪುರ ತಾಲ್ಲೂಕು)

ಉತ್ತರ: ದಯವಿಟ್ಟು ಸವರಿಸಬೇಡಿ. ಮೇಲಿನ ಕಾಡಿಗೂ ಹೊಳೆಗೂ ನಡುವೆ ತುಂಡಾಗದೆ ಉಳಿದಿರುವ ಮರೆ ಬಹುಶಃ ಅದೊಂದೇ. ಅಲ್ಲಿನ ಓಡಾಟ ಹೆಚ್ಚಾಗಿ ಕತ್ತಲಲ್ಲಿ, ಹಾಗಾಗಿ ಕಂಡಿಲ್ಲ. ಹಳ್ಳದ ಪಕ್ಕದ ಕಾಲುದಾರಿಗೆ ಅಡ್ಡಲಾಗಿ ಮೂರಡಿ ಅಗಲಕ್ಕೆ ಜರಡಿ ಹಿಡಿದ ಮಣ್ಣು ಹರಡಿ, ಸಂಜೆ ಪೊರಕೆಯಿಂದ ಸಮ ಮಾಡಿ, ಬೆಳಿಗ್ಗೆ ಆಳುಗಳು ಇಳಿಯುವ ಮೊದಲು ಹೆಜ್ಜೆಗುರುತು ನೋಡಿ. ನಾಲ್ಕು ಬೆರಳು, ಉಗುರಿನ ಗುರುತಿಲ್ಲದಿದ್ದರೆ ಚಿರತೆ ಅಥವಾ ಕಾಡುಬೆಕ್ಕು. ಅಳತೆಯಿಂದ ಯಾವುದೆಂದು ತಿಳಿಯುತ್ತದೆ. ಉಗುರು ಊರಿದ್ದರೆ ನಾಯಿ ಅಥವಾ ನರಿ. ಚಿಕ್ಕ ಸೀಳುಗೊರಸು ಕಾಡುಕುರಿ ಎಂಬ ಸಣ್ಣ ಜಿಂಕೆಯದ್ದಾಗಿರಬಹುದು. ಹಳ್ಳದ ಬಂಡೆಯ ಮೇಲೆ ಏಡಿಚಿಪ್ಪು ತುಂಬಿದ, ಮೀನುವಾಸನೆಯ ಹಿಕ್ಕೆ ಕಂಡರೆ ನೀರುನಾಯಿ ಇದೆ.

ಆದರೆ ಬರೀ ಪೊದೆ ಉಳಿಸಿದರೆ ಸಾಲದು. ಪಲ್ಪಿಂಗ್ ನೀರು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ನೀರು) ಹಳ್ಳಕ್ಕೆ ಬಿದ್ದರೆ ಹುಳಿಯೇರಿ, ನೀರಿನ ಆಮ್ಲಜನಕ ತಗ್ಗಿ ಏಡಿ, ಮೀನು ಸಾಯುತ್ತವೆ. ದಂಡೆ ಹಸಿರಾಗಿಯೇ ಇರುತ್ತದೆ, ನೀರುನಾಯಿ ಮಾತ್ರ ಬರುವುದಿಲ್ಲ. ಆ ನೀರನ್ನು ಹೊಂಡದಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ತಗ್ಗಿಸಿ. ಹಳ್ಳಕ್ಕೆ ಮಾತ್ರ ಬಿಡಬೇಡಿ.

ಕೆಂಜಳಿಲು ನೆಲಕ್ಕಿಳಿಯುವುದೇ ಅಪರೂಪ, ಅದಕ್ಕೆ ಕೊಂಬೆಗೆ ಕೊಂಬೆ ತಾಗಬೇಕು. ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ಮಾಡಿಸುವಾಗ ಕಾಡಂಚಿನಿಂದ ಹಳ್ಳದವರೆಗೆ ಅತ್ತಿ, ಬಸರಿ, ನೇರಳೆಯ ಒಂದು ಸಾಲನ್ನಾದರೂ ಮುಟ್ಟಬೇಡಿ. ಸಿಲ್ವರ್ ಓಕ್ ಬೇಕೇ ಬೇಕಿದ್ದರೆ ತೋಟದ ಒಳಗೆ ಹಾಕಿ. ಅದು ಮಂಗಟ್ಟೆ ಹಕ್ಕಿಗೆ ಹಣ್ಣು ಕೊಡುವ ಮರವಲ್ಲ.

ಪ್ರಶ್ನೆ: ಇಡೀ ತೋಟಕ್ಕೆ ಸೋಲಾರ್ ಬೇಲಿ ಹಾಕಿದರೆ ಆನೆ ಕಾಟ ನಿಲ್ಲುತ್ತದೆಯೇ? (ಆಲೂರು)

ಉತ್ತರ: ನಿಲ್ಲುವುದಿಲ್ಲ, ಪಕ್ಕದವರ ತೋಟಕ್ಕೋ ರಸ್ತೆಗೋ ತಿರುಗುತ್ತದೆ. 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಆನೆಗಳ ಓಡಾಟ ನಿಂತಿಲ್ಲ. ಒಂದು ಆನೆಗೆ ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಬೇಕು. ತೋಟದ ಕೆರೆ, ಮಳೆಗಾಲದ ಹಲಸು, ಮಾಗಿದ ಭತ್ತ ಇರುವಲ್ಲಿಗೆ ಅದು ಬಂದೇ ಬರುತ್ತದೆ. ಮನೆ, ಲೈನ್ ಮನೆ (ಕೆಲಸದವರ ಮನೆಸಾಲು), ಕಣ, ಗದ್ದೆ ಇಷ್ಟಕ್ಕೆ ಬೇಲಿ ಹಾಕಿ, ಹಳೆಯ ಆನೆದಾರಿ ತೆರೆದಿಡಿ. ಹಾಕಿದ ಬೇಲಿ ಕೈಕೊಡುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಕಳೆ ಬೆಳೆದು ಕೆಳತಂತಿಗೆ ತಾಗಿ ಕರೆಂಟು ನೆಲಕ್ಕೆ ಸೋರುತ್ತದೆ; ಬೇಸಿಗೆಯಲ್ಲಿ ಅರ್ಥಿಂಗ್ ಸುತ್ತಲ ಮಣ್ಣು ಒಣಗಿ ಹೊಡೆತ ಸಾಲದಾಗುತ್ತದೆ. ಅರ್ಥಿಂಗಿಗೆ ನೀರು ಹಾಕಿ, ತಂತಿಯ ಕೆಳಗಿನ ಕಳೆ ಕೀಳಿಸುತ್ತಿರಿ. ಕೆಳತಂತಿ ನೆಲಕ್ಕೆ ತೀರಾ ಹತ್ತಿರ ಬೇಡ. ಚಿಪ್ಪುಹಂದಿ ಷಾಕ್ ಹೊಡೆದರೆ ಓಡುವುದಿಲ್ಲ, ಅಲ್ಲೇ ಮುದುಡಿಕೊಳ್ಳುತ್ತದೆ. ತಂತಿ ತಾಗಿಕೊಂಡೇ ಇದ್ದರೆ ಸಾಯುತ್ತದೆ. ಬೇಲಿಗೆ ನೇರವಾಗಿ ಮನೆಯ ಕರೆಂಟು ಕೊಡುವುದು ಅಪರಾಧ, ಅದರಿಂದ ಮನುಷ್ಯರೂ ಸಾಯುತ್ತಾರೆ.

ಪ್ರಶ್ನೆ: ಬಾಸೂರು ಕಾವಲಿನ (ಹುಲ್ಲುಗಾವಲಿನ) ಕೃಷ್ಣಮೃಗಗಳು ನಮ್ಮ ಹೊಲ ದಾಟುತ್ತವೆ. ಅವಕ್ಕಾಗಿ ಬದುವಿನಲ್ಲಿ ಮರ ನೆಡಲೇ? (ಕಡೂರು)

ಉತ್ತರ: ಬೇಡ. ಮಲೆನಾಡಿನ ಪ್ರಾಣಿಗೆ ಮರೆ ಬೇಕು, ಕೃಷ್ಣಮೃಗಕ್ಕೆ ದೂರದವರೆಗೆ ಕಣ್ಣು ಹಾಯುವ ಬಯಲು ಬೇಕು. ಒತ್ತಾಗಿ ಮರ ನೆಟ್ಟರೆ ಆ ದಾರಿಯನ್ನೇ ಬಿಟ್ಟುಬಿಡಬಹುದು. ಒಂದು ಬದುವನ್ನು ಹುಲ್ಲಿಗೆ ಬಿಡಿ, ಅಲ್ಲಿ ಮುಳ್ಳುತಂತಿ ಎಳೆಯಬೇಡಿ.