ಆ ಉಕ್ಕು ಒಡವೆಯಲ್ಲ

ಕಲಬುರಗಿಯ ಬ್ರಹ್ಮಪುರದಿಂದ ನಿವೃತ್ತ ಎಂಜಿನಿಯರ್ ಒಬ್ಬರು ಬರೆದಿದ್ದಾರೆ: ‘ಮಾಸ್ಕೋದ ಮಾಯಕೋವ್‌ಸ್ಕಾಯಾ ಮೆಟ್ರೊ ನಿಲ್ದಾಣವನ್ನು ಕಳೆದ ಸಂಚಿಕೆಯಲ್ಲಿ ಹಾಡಿ ಹೊಗಳಿದ್ದೀರಿ. ರೈಲು ಹತ್ತಿ ಇಳಿಯುವ ಜಾಗಕ್ಕೆ ಉಕ್ಕಿನ ಮೆರುಗು, ಚಾವಣಿಗೆ ಚಿತ್ರ ಏಕೆ? ಶಹಾಬಾದ್ ಫರಸಿ ಹಾಸಿ ಸುಣ್ಣ ಬಳಿದಿದ್ದರೆ ಸಾಲುತ್ತಿರಲಿಲ್ಲವೇ?’

ಮಾನ್ಯರೇ,

ನೆಲದ ಮಟ್ಟಿಗೆ ಫರಸಿ ಸಾಕು, ಒಪ್ಪಿದೆ. ತಕರಾರು ಇರುವುದು ಕಂಬದ ವಿಷಯದಲ್ಲಿ. ಆ ನಿಲ್ದಾಣ ಸುಮಾರು 33 ಮೀಟರ್ ಆಳದಲ್ಲಿದೆ. ಮೇಲಿನ ಮಣ್ಣಿನ ಭಾರವನ್ನೆಲ್ಲ ಏನಾದರೂ ಹೊರಲೇಬೇಕು. ಅದಕ್ಕೂ ಮುಂಚೆ ಮಾಸ್ಕೋದ ಆಳದ ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ಸುರಂಗಗಳನ್ನು ಪಕ್ಕಪಕ್ಕ ಕೊರೆದು, ನಡುವೆ ಗೋಡೆಯಷ್ಟು ದಪ್ಪದ ದಿಮ್ಮಿಗಂಬಗಳನ್ನು ಉಳಿಸಿ, ಅಲ್ಲಲ್ಲಿ ಓಡಾಡಲು ದಾರಿ ಬಿಡುತ್ತಿದ್ದರು. 1938ರಲ್ಲಿ ತೆರೆದ ಮಾಯಕೋವ್‌ಸ್ಕಾಯಾದಲ್ಲಿ ಆ ಭಾರವನ್ನು ಉಕ್ಕಿನ ಕಂಬ, ಕಮಾನುಗಳ ಮೇಲೆ ಹೊರಿಸಿದರು. ಕಂಬ ತೆಳುವಾಯಿತು. ನಡುವಿನ ಹಜಾರದಲ್ಲಿ ನಿಂತವರಿಗೆ ಎರಡೂ ಬದಿಯ ರೈಲುಗಳು ಕಾಣುವಂತಾಯಿತು. ವಾಸ್ತುಶಿಲ್ಪಿ ಅಲೆಕ್ಸಿ ದುಷ್ಕಿನ್ ಆ ರಚನೆಯನ್ನು ಮರೆಮಾಚಲು ಹೋಗಲಿಲ್ಲ. ಕಮಾನಿನ ಅಂಚಿಗೆ ಸಾಲು ಸಾಲು ಗೀರುಗಳಿರುವ ಸ್ಟೀಲ್ ತಗಡು ಹೊದಿಸಿ, ಭಾರ ಹರಿದುಬರುವ ದಾರಿಯನ್ನೇ ತೋರಿಸಿದರು. ಎಂಜಿನಿಯರ್ ಆದ ನೀವು ಇದಕ್ಕೆ ಮೊದಲು ತಲೆದೂಗಬೇಕಿತ್ತು!

ಇನ್ನು ಚಾವಣಿ. ನಿಮ್ಮೂರಿನ ಕೋಟೆಯೊಳಗೆ 1367ರ ಜಾಮಿಯಾ ಮಸೀದಿ ಇದೆಯಲ್ಲ, ಅಲ್ಲಿ ಅಂಗಳವನ್ನೂ ಬಿಡದೆ ಇಡೀ ಜಾಗಕ್ಕೆ ಚಾವಣಿ ಹೊದಿಸಿದ್ದಾರೆ. ಆದರೂ ಒಳಗೆ ಕತ್ತಲೆ ಕವಿಯುವುದಿಲ್ಲ. ಹೊರಸಾಲಿನ ಅಗಲವಾದ ಕಮಾನುಗಳಿಂದ ಬೆಳಕು ಬರುತ್ತದೆ. ನೆಲದಡಿಯಲ್ಲಿ ಆ ಅನುಕೂಲ ಎಲ್ಲಿಂದ ಬರಬೇಕು? ದುಷ್ಕಿನ್ ಚಾವಣಿಯಲ್ಲಿ ಮೊಟ್ಟೆಯಾಕಾರದ ಗುಳಿಗಳನ್ನು ಮಾಡಿ, ಅವುಗಳ ಒಳಸುತ್ತಿಗೆ ದೀಪ ಇರಿಸಿದರು. ಚಿತ್ರಕಾರ ಅಲೆಕ್ಸಾಂಡರ್ ದೈನೇಕಾ ಅಲ್ಲಿಗೆ 34 ಮೊಸಾಯಿಕ್ ಚಿತ್ರಗಳನ್ನು, ಅಂದರೆ ಬಣ್ಣದ ಚೂರುಗಳನ್ನು ಜೋಡಿಸಿ ಮಾಡುವ ಚಿತ್ರಗಳನ್ನು, ರಚಿಸಿದರು: ವಿಮಾನಗಳು, ಪ್ಯಾರಾಚೂಟಿನಲ್ಲಿ ಇಳಿಯುವವರು, ಹಣ್ಣು ತುಂಬಿದ ಕೊಂಬೆ, ಹಿಂದೆ ಆಕಾಶ. ಸರ್ಕಾರದ ಪ್ರಚಾರವೂ ಅದರಲ್ಲಿ ಧಾರಾಳವಾಗಿಯೇ ಇತ್ತು. ನನ್ನ ಆಕ್ಷೇಪ ಬೇರೆ: ಗುಳಿಯ ನೇರ ಕೆಳಗೆ ನಿಂತು ಕತ್ತೆತ್ತದಿದ್ದರೆ ಚಿತ್ರ ಪೂರ್ತಿ ಕಾಣುವುದಿಲ್ಲ. ರೈಲು ಹಿಡಿಯುವ ಅವಸರದಲ್ಲಿರುವವರಿಗೆ ಅದು ದಕ್ಕುವುದು ಕಷ್ಟ.

‘ಹತ್ತಿ ಇಳಿಯುವ ಜಾಗ’ ಎಂದಿದ್ದೀರಿ. ಜರ್ಮನ್ ಸೇನೆ ಮಾಸ್ಕೋ ಸಮೀಪಿಸಿದ್ದ 1941ರಲ್ಲಿ ಜನ ಬಾಂಬ್ ದಾಳಿಯಿಂದ ತಪ್ಪಿಸಿಕೊಳ್ಳಲು ಆಶ್ರಯ ಪಡೆದದ್ದು ಇಂಥ ನಿಲ್ದಾಣಗಳಲ್ಲೇ. ಆ ವರ್ಷದ ನವೆಂಬರ್ 6ರಂದು 1917ರ ರಷ್ಯಾ ಕ್ರಾಂತಿಯ ವಾರ್ಷಿಕೋತ್ಸವದ ಸಭೆ ನಡೆದದ್ದು, ಸ್ಟಾಲಿನ್ ಭಾಷಣ ಮಾಡಿದ್ದು ಇದೇ ಹಜಾರದಲ್ಲಿ. ಹಳೆಯ ದಿಮ್ಮಿಗಂಬಗಳೇ ಇದ್ದಿದ್ದರೆ ಅಷ್ಟು ಜನರನ್ನು ಒಂದೇ ವೇದಿಕೆಗೆ ಮುಖಮಾಡಿ ಕೂರಿಸಲು ಪರದಾಡಬೇಕಾಗುತ್ತಿತ್ತು.

— ಸಂಪಾದಕ