ಪಿಯುಸಿಯಲ್ಲಿ ಗಣಿತ ಓದದವರು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಬಹುದೇ?

ಕನ್ನಡ ಮಾಧ್ಯಮದಲ್ಲಿ, ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿದ್ದೀರಿ. ಎಸ್ಸೆಸ್ಸೆಲ್ಸಿಯ ನಂತರ ಗಣಿತ ಮುಟ್ಟಿಲ್ಲ. ಹೀಗಿರುವಾಗ ಅರ್ಥಶಾಸ್ತ್ರದಲ್ಲಿ ಬಿ.ಎ. ಮಾಡಿ ಎಂ.ಎ.ಗೆ ಹೋದರೆ ನಿಭಾಯಿಸಲು ಆದೀತೇ ಎಂದು ಕೇಳಿದ್ದೀರಿ. ನಾನೂ ಅದೇ ದಾರಿಯಲ್ಲಿ ಬಂದವನು: ಪದವಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿ, ಆಮೇಲೆ ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಿದೆ. ಖಂಡಿತ ಆಗುತ್ತದೆ, ಆದರೆ ಗಣಿತವನ್ನು ಎಂ.ಎ.ಗೆ ಬಂದಾಗ ನೋಡಿಕೊಂಡರಾಯಿತು ಎಂದು ಮುಂದೂಡಬೇಡಿ. ನಾನು ಮುಂದೂಡಿದ್ದೆ, ಅದರ ಫಲವಾಗಿ ಮೊದಲ ಸೆಮಿಸ್ಟರ್ ಪೂರ್ತಿ ಕಷ್ಟಪಟ್ಟೆ.

ನಾನು ಓದಿದ ಪದವಿ ಕಾಲೇಜಿನಲ್ಲಿ ಪಾಠವೆಂದರೆ ನೋಟ್ಸ್ ಬರೆಸುವುದಾಗಿತ್ತು. ಆಡಂ ಸ್ಮಿತ್, ಮಾರ್ಷಲ್, ರಾಬಿನ್ಸ್ ಕೊಟ್ಟ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ, ಬೇಡಿಕೆ ರೇಖೆಯನ್ನೂ ಔದಾಸೀನ್ಯ ವಕ್ರರೇಖೆಯನ್ನೂ ಕಣ್ಣು ಮುಚ್ಚಿಕೊಂಡು ಬಿಡಿಸುವಷ್ಟು ಅಭ್ಯಾಸ ಮಾಡಿದರೆ ಪ್ರಥಮ ದರ್ಜೆ ಸಿಗುತ್ತಿತ್ತು. ಆ ರೇಖೆ ಯಾಕೆ ಬಾಗುತ್ತದೆ, ಎಷ್ಟು ಬಾಗುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಎಂ.ಎ. ತರಗತಿಯ ಮೊದಲ ವಾರದಲ್ಲೇ ಅಧ್ಯಾಪಕರು ಬೋರ್ಡಿನ ತುಂಬ ಸಮೀಕರಣ ಬರೆದಾಗ, ಮೂರು ವರ್ಷ ಓದಿದ ವಿಷಯವೇ ನನಗೆ ಗುರುತು ಸಿಗದಂತಾಯಿತು.

ಅದನ್ನು ಬಿಡಿಸಿ ಹೇಳಿದವರು ಹಾಸ್ಟೆಲಿನ ಹಿರಿಯರೊಬ್ಬರು. ಅವರು ಕಾಗದದ ಮೇಲೆ ಒಂದು ಲೆಕ್ಕ ಬರೆದರು. ಒಬ್ಬ ತಯಾರಕನ ಒಟ್ಟು ವೆಚ್ಚ ಹೀಗಿದೆ ಎಂದುಕೊಳ್ಳೋಣ: 100 ರೂಪಾಯಿ ಸ್ಥಿರ ವೆಚ್ಚ, ತಯಾರಿಸಿದ ಚೀಲಗಳ ಸಂಖ್ಯೆಯ ನಾಲ್ಕು ಪಟ್ಟು, ಅದರ ಮೇಲೆ ಅದೇ ಸಂಖ್ಯೆಯ ವರ್ಗ. ಹತ್ತು ಚೀಲಕ್ಕೆ 240 ರೂಪಾಯಿ, ಹನ್ನೊಂದು ಚೀಲಕ್ಕೆ 265 ರೂಪಾಯಿ ಆಗುತ್ತದೆ. ಅಂದರೆ ಹನ್ನೊಂದನೆಯ ಚೀಲದ ಸೀಮಾಂತ ವೆಚ್ಚ 25 ರೂಪಾಯಿ. ಇದನ್ನೇ ಕಲನಶಾಸ್ತ್ರದ (ಕ್ಯಾಲ್ಕುಲಸ್) ಸೂತ್ರದಿಂದ ಮಾಡಿದರೆ, ಹತ್ತನೆಯ ಚೀಲದ ಹಂತದಲ್ಲಿ ವೆಚ್ಚ ಏರುವ ವೇಗ 24 ಎಂದು ಬರುತ್ತದೆ. ಒಂದೊಂದೇ ಚೀಲದ ಬದಲು ಅರ್ಧ ಚೀಲ, ಕಾಲು ಚೀಲ ಎಂದು ಹೆಜ್ಜೆಯನ್ನು ಚಿಕ್ಕದು ಮಾಡುತ್ತ ಹೋದಂತೆ 25 ಇಳಿದು 24ಕ್ಕೆ ಹತ್ತಿರವಾಗುತ್ತದೆ. ನೋಟ್ಸಿನಲ್ಲಿ ನೂರಾರು ಸಲ ಬರೆದಿದ್ದ ‘ಸೀಮಾಂತ’ ಎಂಬ ಪದ ನನಗೆ ನಿಜವಾಗಿ ಅರ್ಥವಾದದ್ದು ಅಂದು ರಾತ್ರಿ.

ಆದ್ದರಿಂದ ಈ ರಜೆಯಲ್ಲಿ ಮಾಡಬೇಕಾದ ಕೆಲಸ ಇಷ್ಟೇ. ವಾಣಿಜ್ಯ ವಿಭಾಗದ ಗೆಳೆಯರಿಂದ ಪಿಯುಸಿಯ ಬೇಸಿಕ್ ಮ್ಯಾಥಮೆಟಿಕ್ಸ್ ಪುಸ್ತಕ ಪಡೆದುಕೊಂಡು, ಅದರಲ್ಲಿರುವ ಮಾತೃಕೆಗಳು ಮತ್ತು ಕಲನಶಾಸ್ತ್ರದ ಅಧ್ಯಾಯಗಳನ್ನು ಪೆನ್ನು ಹಿಡಿದು ಬಿಡಿಸಿ. ದಿನಕ್ಕೆ ಒಂದು ಗಂಟೆ ಸಾಕು, ಆದರೆ ತಪ್ಪಿಸಬಾರದು. ಬಿ.ಎ.ಯಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆಯನ್ನು ಐಚ್ಛಿಕವಾಗಿ ಕೊಟ್ಟರೆ, ಅಂಕ ಕಡಿಮೆ ಬಂದೀತೆಂಬ ಭಯಕ್ಕೆ ಅದನ್ನು ಬಿಡಬೇಡಿ.

ಗಣಿತದ ಬಗ್ಗೆ ಇಷ್ಟು ಹೇಳಿದ್ದರಿಂದ ಅರ್ಥಶಾಸ್ತ್ರವೆಂದರೆ ಲೆಕ್ಕವಷ್ಟೇ ಎಂದು ತಿಳಿಯಬಾರದು. ನಮ್ಮದು ಗದಗ ಕಡೆಯ ಈರುಳ್ಳಿ ಬೆಳೆಯುವ ಮನೆ. ಬೆಳೆ ಚೆನ್ನಾಗಿ ಬಂದ ವರ್ಷವೇ ಅಪ್ಪ ಹುಬ್ಬಳ್ಳಿಯ ಎಪಿಎಂಸಿಯಿಂದ ಮುಖ ಬಾಡಿಸಿಕೊಂಡು ಬರುತ್ತಿದ್ದುದು ಏಕೆಂದು ಚಿಕ್ಕಂದಿನಲ್ಲಿ ತಿಳಿಯುತ್ತಿರಲಿಲ್ಲ. ಬೇಡಿಕೆಯ ಸ್ಥಿತಿಸ್ಥಾಪಕತ್ವದ, ಅಂದರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದರ ಪಾಠ ಅದಕ್ಕೆ ಉತ್ತರ ಕೊಟ್ಟಿತು. ಕ್ವಿಂಟಲಿಗೆ 2,000 ರೂಪಾಯಿಯಂತೆ ನೂರು ಕ್ವಿಂಟಲ್ ಮಾರಿದರೆ ಎರಡು ಲಕ್ಷ ಬರುತ್ತದೆ. ಸುತ್ತಲಿನ ಎಲ್ಲರ ಹೊಲದಲ್ಲೂ ಬೆಳೆ ಹೆಚ್ಚಾಗಿ, ನಮ್ಮದೂ 120 ಕ್ವಿಂಟಲ್ ಆಗಿ, ದರ 1,200ಕ್ಕೆ ಬಿದ್ದರೆ ಕೈಗೆ ಬರುವುದು 1,44,000 ಮಾತ್ರ. ಅಗ್ಗವಾಯಿತೆಂದು ಯಾರೂ ಎರಡು ಪಟ್ಟು ಈರುಳ್ಳಿ ತಿನ್ನುವುದಿಲ್ಲ, ಮುಂಗಾರಿನ ಈರುಳ್ಳಿಯನ್ನು ಬಹುಕಾಲ ಕೂಡಿಡಲೂ ಆಗುವುದಿಲ್ಲ. ಅಪ್ಪನ ಕೆಲಸದಲ್ಲಿ ತಪ್ಪಿರಲಿಲ್ಲ ಎಂಬುದನ್ನು ಈ ಶಾಸ್ತ್ರ ನನಗೆ ತೋರಿಸಿಕೊಟ್ಟಿತು. ಅದಕ್ಕಾಗಿಯೇ ಇದನ್ನು ಓದಿದ್ದು ಸಾರ್ಥಕವೆಂದು ನಂಬಿದ್ದೇನೆ.

ನಮ್ಮ ರಾಜ್ಯದ ಮಟ್ಟದಲ್ಲಿ ಇಂಥ ಕೆಲಸಕ್ಕೆ ನಾನು ತೋರಿಸುವ ಉದಾಹರಣೆ, ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ಕೊಟ್ಟ ವರದಿ. ನಂಜುಂಡಪ್ಪ ಅವರು ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಉತ್ತರ ಕರ್ನಾಟಕ ಹಿಂದುಳಿದಿದೆ ಎಂಬ ಮಾತು ಭಾಷಣಗಳಲ್ಲಿ ಮೊದಲೂ ಇತ್ತು. ಸಮಿತಿ ಹಲವು ಸೂಚ್ಯಂಕಗಳನ್ನು ಒಟ್ಟುಗೂಡಿಸಿ ಪ್ರತಿ ತಾಲ್ಲೂಕನ್ನೂ ರಾಜ್ಯದ ಸರಾಸರಿಯೊಂದಿಗೆ ಹೋಲಿಸಿ, ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೆಸರು ಸಹಿತ ಪಟ್ಟಿ ಮಾಡಿತು. ಅಂದಿನಿಂದ ಅನುದಾನದ ಚರ್ಚೆ ಆ ಪಟ್ಟಿಯನ್ನು ಹಿಡಿದೇ ನಡೆಯುತ್ತಿದೆ. ನಿಮ್ಮ ತಾಲ್ಲೂಕು ಅದರಲ್ಲಿ ಎಲ್ಲಿದೆ ಎಂದು ಹುಡುಕಿ ನೋಡಿ. ಸಂಖ್ಯಾಶಾಸ್ತ್ರದ ಮೇಲೆ ಪ್ರೀತಿ ಹುಟ್ಟಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಇನ್ನು ಇಂಗ್ಲಿಷಿನ ವಿಷಯ. ಎಂ.ಎ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಅವಕಾಶವಿದೆ, ಆದರೆ ಓದಬೇಕಾದ ಒಳ್ಳೆಯ ಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ರಾಜ್ಯ ಸರ್ಕಾರ ಪ್ರತಿ ವರ್ಷ ಪ್ರಕಟಿಸುವ ಆರ್ಥಿಕ ಸಮೀಕ್ಷೆ ಎರಡೂ ಭಾಷೆಗಳಲ್ಲಿ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ದಿನಕ್ಕೆ ಎರಡು ಪುಟ ಓದಿದರೆ, ವಿತ್ತೀಯ ಕೊರತೆ, ತಲಾ ಆದಾಯ ಮುಂತಾದ ಪದಗಳು ಎರಡೂ ಭಾಷೆಗಳಲ್ಲಿ ತಾವಾಗಿಯೇ ಬಾಯಿಗೆ ಬರುತ್ತವೆ.

ಎಂ.ಎ. ನಂತರ ಅಧ್ಯಾಪನಕ್ಕೆ ಹೋಗಬಹುದು, ಬ್ಯಾಂಕಿಗೆ ಹೋಗಬಹುದು. ಸಂಶೋಧನೆ ಬೇಕೆಂದವರಿಗೆ, ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುವ ಅವಕಾಶವಿದೆ. ಕೇಂದ್ರ ಲೋಕಸೇವಾ ಆಯೋಗ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯೇ ಅರ್ಹತೆ. ಅಲ್ಲಿ ಉತ್ತರಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಆ ಪರೀಕ್ಷೆ ನಿಮ್ಮ ಮನಸ್ಸಿನಲ್ಲಿದ್ದರೆ, ದಿನಕ್ಕೆರಡು ಪುಟದ ಆ ಓದನ್ನು ಬಿ.ಎ. ಮೊದಲ ವರ್ಷದಿಂದಲೇ ಹಿಡಿಯಿರಿ.